ಕಲ್ಪನೆಯ ಹಳ್ಳಿಗೊಂದು ಮಾಂಸದಂಗಡಿ: ಗೇಮ್ ಮಾಸ್ಟರ್‌ಗಳಿಗೆ ಹಂತ ಹಂತದ ಮಾರ್ಗದರ್ಶಿ

ಹಳ್ಳಿಯ ನಕ್ಷೆ ಬರೆದಾಯಿತು, ಐದಾರು ಅಂಗಡಿಗಳೂ ಬಂದವು. ಆಟಗಾರರು ಒಳಗೆ ಬರುತ್ತಾರೆ, ಬೆಲೆ ಕೇಳುತ್ತಾರೆ, ಬೇಕಾದ್ದು ಕೊಂಡು ಹೊರಟುಬಿಡುತ್ತಾರೆ. ಮುಂದಿನ ವಾರ ಅಂಗಡಿಯವನ ಹೆಸರೂ ಯಾರಿಗೂ ನೆನಪಿರುವುದಿಲ್ಲ. "ಇದಕ್ಕೇನು ಮಾಡೋದು?" ಎಂದು ಹೊಸ ಗೇಮ್ ಮಾಸ್ಟರ್‌ಗಳು (ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ ಕಥೆ ಕಟ್ಟುತ್ತಾ ಆಡುವ ಆಟ ನಡೆಸುವವರು, ಆಟಗಾರರ ಪಾತ್ರಗಳನ್ನು ಬಿಟ್ಟು ಉಳಿದ ಲೋಕವನ್ನೆಲ್ಲ ನಿಭಾಯಿಸುವವರು) ಮತ್ತೆ ಮತ್ತೆ ಕೇಳುತ್ತಿರುತ್ತೀರಿ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಹೇಳುವುದಕ್ಕಿಂತ ಒಂದು ಅಂಗಡಿಯನ್ನು ಬುಡದಿಂದ ಕಟ್ಟಿ ತೋರಿಸುವುದೇ ವಾಸಿ. ಆರಿಸಿಕೊಂಡಿರುವುದು ಮಾಂಸದಂಗಡಿ, ಅದೂ ಒಂದು ಮನೆಯವರೆಲ್ಲ ಸೇರಿ ನಡೆಸುವಂಥದ್ದು.

ಕಮ್ಮಾರನ ಕುಲುಮೆ, ಊರಿನ ಛತ್ರ ಬಿಟ್ಟು ಇದೇ ಏಕೆ ಎಂದರೆ, ಹಳ್ಳಿಯ ಅರ್ಧ ಕಸುಬುಗಳು ಇಲ್ಲಿಂದ ಹೊರಬೀಳುವ ವಸ್ತುಗಳನ್ನೇ ನೆಚ್ಚಿಕೊಂಡಿರುತ್ತವೆ. ತೊಗಲು ಒಬ್ಬರಿಗೆ, ಕೊಬ್ಬು ಇನ್ನೊಬ್ಬರಿಗೆ, ಕೊಂಬು ಮತ್ತೊಬ್ಬರಿಗೆ. ಯಾವ ವಸ್ತು ಯಾರ ಮನೆಗೆ ಹೋಗುತ್ತದೆ ಎಂದು ಬರೆದಿಟ್ಟರೆ, ಯಾವ ಸುದ್ದಿ ಯಾವ ಮನೆಯಿಂದ ಬರುತ್ತದೆ ಎನ್ನುವುದೂ ತಾನಾಗಿ ತೀರ್ಮಾನವಾಗುತ್ತದೆ. ಕೆಳಗಿನ ಹಂತಗಳೆಲ್ಲ ಈ ಒಂದು ಉಪಾಯದ ಮೇಲೆಯೇ ನಡೆಯುತ್ತವೆ.

ಬೇಕಾದ್ದು ಹೆಚ್ಚೇನಿಲ್ಲ. ಅಂಗೈಯಗಲದ ನಾಲ್ಕು ಚೀಟಿ, ಒಂದು ಪೆನ್ಸಿಲ್, ನೀವು ಆಡುವ ಆಟದ ಬೆಲೆಪಟ್ಟಿ, ಒಂದು ಸಂಜೆಯ ಬಿಡುವು. ಲೆಕ್ಕಗಳಿಗೆ ನಾನು 2014ರಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಇಂಥ ಆಟಗಳಲ್ಲೇ ಹೆಸರಾದದ್ದು) 5ನೇ ಆವೃತ್ತಿಯ ಪಟ್ಟಿಯನ್ನು ಇಟ್ಟುಕೊಂಡಿದ್ದೇನೆ. ಬೇರೆ ಆಟ ಆಡುವವರು ಅಂಕಿ ಬದಲಿಸಿಕೊಂಡರಾಯಿತು.

ಹಂತ 1: ಮೊದಲು ಮೇಜಿನ ಸುತ್ತ ಕೂತವರನ್ನು ಕೇಳಿ

ಇದನ್ನು ಬಿಟ್ಟು ಎರಡನೇ ಹಂತಕ್ಕೆ ಹೋಗಬೇಡಿ. ರಕ್ತ, ಕರುಳು, ಪ್ರಾಣಿ ಕಡಿಯುವುದು ಎಲ್ಲರಿಗೂ ಒಗ್ಗುವ ವಿಷಯವಲ್ಲ. ಮಾಂಸ ಮುಟ್ಟದವರು ಇರಬಹುದು, ರಕ್ತ ಎಂದರೆ ತಲೆ ಸುತ್ತುವವರಿರಬಹುದು. ಆಟದ ವಲಯದಲ್ಲಿ ಇದಕ್ಕೊಂದು ಪದ್ಧತಿಯಿದೆ, ನಾನು ಅದನ್ನು "ಗೆರೆ ಮತ್ತು ತೆರೆ" ಎನ್ನುತ್ತೇನೆ. ಗೆರೆ ಎಂದರೆ ಆಟದೊಳಗೆ ಬರಲೇಬಾರದ್ದು. ತೆರೆ ಎಂದರೆ ಬರಬಹುದು, ಆದರೆ ಪರದೆಯ ಹಿಂದೆ ನಡೆದುಹೋಗಬೇಕು, ವರ್ಣನೆ ಬೇಡ.

ಎರಡು ಪ್ರಶ್ನೆ ಸಾಕು: "ಪ್ರಾಣಿ ಕಡಿಯುವುದನ್ನು ತೋರಿಸಲೋ ಬೇಡವೋ?" "ಮಾಂಸ ನೇತುಹಾಕಿರುವ ವರ್ಣನೆ ಪರವಾಗಿಲ್ಲವೋ?" ಒಬ್ಬರು ಬೇಡ ಎಂದರೂ ಹಿತ್ತಲಿನ ಕೆಲಸವನ್ನೆಲ್ಲ ತೆರೆಯ ಹಿಂದೆ ತಳ್ಳಿ. ಅಂಗಡಿಗೆ ಇದರಿಂದ ನಷ್ಟವಿಲ್ಲ, ಅದರ ಸ್ವಾರಸ್ಯ ಮುಂಬಾಗಿಲಲ್ಲೂ ಲೆಕ್ಕದಲ್ಲೂ ಇರುತ್ತದೆ.

ಹಂತ 2: ಈ ಹಳ್ಳಿಗೆ ಮಾಂಸದಂಗಡಿ ಬಂದದ್ದು ಹೇಗೆ?

ಬಹಳ ಜನ ತಪ್ಪುವುದು ಇಲ್ಲೇ. ಇನ್ನೂರು ಜನರ ಹಳ್ಳಿಯಲ್ಲಿ ದಿನವಿಡೀ ತೆರೆದಿರುವ ಮಾಂಸದಂಗಡಿ ಹೊಟ್ಟೆ ಹೊರೆಯಲಾರದು. ಗೇಮ್ ಮಾಸ್ಟರ್‌ಗಳ ನಡುವೆ ಬಹಳ ಕಾಲದಿಂದ ಓಡಾಡುತ್ತಿರುವ ಒಂದು ಪಟ್ಟಿಯ ಪ್ರಕಾರ ಸುಮಾರು 1,200 ಜನಕ್ಕೆ ಒಬ್ಬ ಕಟುಕ. ಮಧ್ಯಯುಗದ ಯುರೋಪಿನಲ್ಲೂ ಇದು ಹೆಚ್ಚಾಗಿ ಪೇಟೆಯ ಕಸುಬು. ಹಳ್ಳಿಯವರು ತಮ್ಮ ಹಂದಿಯನ್ನು ತಮ್ಮ ಹಿತ್ತಲಲ್ಲೇ ಕಡಿದು ಉಪ್ಪು ಹಾಕಿಡುತ್ತಿದ್ದರು.

ಹಾಗಾದರೆ ನಿಮ್ಮ ಹಳ್ಳಿಯಲ್ಲಿ ಈ ಅಂಗಡಿ ಏಕಿದೆ? ಒಂದು ಕಾರಣ ಆರಿಸಿಕೊಳ್ಳಿ. ಹೆದ್ದಾರಿಯ ಪಕ್ಕದ ಊರು, ದನ ಹೊಡೆದುಕೊಂಡು ಹೋಗುವವರು ಇಲ್ಲಿ ರಾತ್ರಿ ತಂಗುತ್ತಾರೆ. ಗುಡ್ಡದ ಮೇಲೊಂದು ಕೋಟೆ, ಅಲ್ಲಿನ ಸೈನಿಕರಿಗೆ ವಾರ ವಾರ ಮಾಂಸ ಹೋಗಬೇಕು. ವಾರದ ಸಂತೆಗೆ ಸುತ್ತಲಿನ ಹತ್ತು ಹಳ್ಳಿಯವರು ಬರುತ್ತಾರೆ. ಅಥವಾ ಅಂಗಡಿ ನಿಜಕ್ಕೂ ಅರ್ಧ ಹೊತ್ತಿನದು, ಉಳಿದ ಹೊತ್ತು ಮನೆಯವರು ಹೊಲ ಉಳುತ್ತಾರೆ, ಕೊಬ್ಬು ಕರಗಿಸಿ ಬತ್ತಿ (ಕ್ಯಾಂಡಲ್) ಮಾಡುತ್ತಾರೆ.

ನನ್ನ ಮೆಚ್ಚಿನದು ಕೋಟೆ. ಸೈನಿಕರ ಊಟ ಒಂದೇ ಮನೆಯ ಕೈಲಿದೆ ಎಂದರೆ, ಕೋಟೆಯಲ್ಲಿ ಈಗ ಎಷ್ಟು ಬಾಯಿಗಳಿವೆ ಎಂದು ಆ ಮನೆಗೆ ಗೊತ್ತು. ಕಳೆದ ವಾರಕ್ಕಿಂತ ಈ ವಾರ ಒಂದು ಹಂದಿ ಕಡಿಮೆ ಕೇಳಿದರು ಎಂಬ ಒಂದೇ ಸಾಲು ಗೂಢಚಾರನ ವರದಿಗಿಂತ ಹೆಚ್ಚು ಹೇಳುತ್ತದೆ.

ಹಂತ 3: ಕಾಲ ಮತ್ತು ಉಪ್ಪು

ಫ್ರಿಜ್ ಇಲ್ಲದ ಲೋಕದಲ್ಲಿ ಮಾಂಸದಂಗಡಿಯನ್ನು ಆಳುವುದು ಹವಾಮಾನ. ಚಳಿ ಬಿದ್ದಾಗ ಮಾಂಸ ತಡೆಯುತ್ತದೆ, ಸೆಕೆಯಲ್ಲಿ ಬೆಳಗ್ಗೆ ಕಡಿದದ್ದು ಸಂಜೆಯೊಳಗೆ ಮಾರಿಹೋಗಬೇಕು. ಯುರೋಪಿನ ಹಳ್ಳಿಗಳಲ್ಲಿ ಶರತ್ಕಾಲದಲ್ಲಿ ಹಂದಿಗಳನ್ನು ಕಾಡಿಗೆ ಬಿಟ್ಟು ಓಕ್ ಮರದ ಕಾಯಿ ತಿನ್ನಿಸಿ ಕೊಬ್ಬಿಸುತ್ತಿದ್ದರು, ಚಳಿ ಹತ್ತುತ್ತಿದ್ದಂತೆ ಕಡಿಯುತ್ತಿದ್ದರು. ನವೆಂಬರ್ 11ರ ಸಂತ ಮಾರ್ಟಿನನ ಹಬ್ಬ ಈ ಕೆಲಸಕ್ಕೆ ಗುರುತಿನ ದಿನವಾಗಿತ್ತು. ಅದಕ್ಕೂ ಹಿಂದೆ, ಆಂಗ್ಲೋ-ಸ್ಯಾಕ್ಸನ್ನರು ಇದೇ ತಿಂಗಳಲ್ಲಿ ಕಡಿಯಲಿರುವ ದನಗಳನ್ನು ದೇವತೆಗಳಿಗೆ ಅರ್ಪಿಸುತ್ತಿದ್ದರು ಎಂದು 8ನೇ ಶತಮಾನದ ಸನ್ಯಾಸಿ ಬೀಡ್ ಬರೆದಿಟ್ಟಿದ್ದಾನೆ. ನಿಮ್ಮ ಲೋಕದಲ್ಲಿ ದೇವರುಗಳು ನಿಜವಾಗಿಯೂ ಕಿವಿಗೊಡುತ್ತಾರೆ ಎನ್ನುವುದನ್ನು ಮರೆಯಬೇಡಿ. ಆ ಅರ್ಪಣೆಯನ್ನು ಒಂದು ವರ್ಷ ತಪ್ಪಿಸಿದರೆ ಏನಾಗುತ್ತದೆ? ಒಂದು ಇಡೀ ಸಾಹಸ ಅಲ್ಲಿಂದಲೇ ಹುಟ್ಟಬಹುದು.

ವಿರುದ್ಧ ದಿಕ್ಕಿನದೂ ಬೇಕು, ಮಾಂಸ ತಿನ್ನಬಾರದ ದಿನಗಳು. ಕ್ರೈಸ್ತ ಯುರೋಪಿನಲ್ಲಿ ಈಸ್ಟರ್‌ಗೆ ಮುಂಚಿನ 40 ದಿನದ ಉಪವಾಸದಲ್ಲೂ ಶುಕ್ರವಾರಗಳಲ್ಲೂ ಮಾಂಸಕ್ಕೆ ನಿಷೇಧವಿತ್ತು. ನಿಮ್ಮ ಹಳ್ಳಿಗೂ ಅಂಥ ಒಂದು ಅವಧಿ ಇಟ್ಟು, ಆ ದಿನಗಳಲ್ಲಿ ಹಿಂಬಾಗಿಲಿಗೆ ಯಾರು ಬರುತ್ತಾರೆ ಎಂದು ಬರೆದುಕೊಳ್ಳಿ. ಪೂಜಾರಿಯ ಅಡುಗೆಯವಳೇ ಬಂದರೆ ಇನ್ನೂ ಚೆನ್ನ.

ಉಪ್ಪಿನ ಲೆಕ್ಕಕ್ಕೆ ಹಳೆಯ ರೈತ ಮನೆಗಳ ಒಂದು ಅಳತೆಯಿದೆ: 100 ಪೌಂಡ್ ಹಂದಿಮಾಂಸಕ್ಕೆ 8 ಪೌಂಡ್ ಉಪ್ಪು, ಜೊತೆಗೆ ಸ್ವಲ್ಪ ಸಕ್ಕರೆ, ಬಣ್ಣ ಕೆಡದಂತೆ ಚಿಟಿಕೆ ಪೆಟ್ಲುಪ್ಪು. ಆಟಕ್ಕೆ ಇದು ಮುಖ್ಯ, ಏಕೆಂದರೆ ಉಪ್ಪು ಸಾಮಾನ್ಯವಾಗಿ ಹೊರಗಿನಿಂದ ಬರುತ್ತದೆ. ಕಣಿವೆಯ ದಾರಿಯನ್ನು ಗಾಬ್ಲಿನ್‌ಗಳು (ಇಂಥ ಕಥೆಗಳಲ್ಲಿ ಬರುವ ಕುಳ್ಳ, ಕೇಡಿಗ ಜೀವಿಗಳು) ಮುಚ್ಚಿದರೆ ಹಳ್ಳಿಗೆ ಮೊದಲು ತಾಗುವ ಬಿಸಿ ಇದೇ. "ಗಾಬ್ಲಿನ್‌ಗಳನ್ನು ಓಡಿಸಿ" ಎಂದು ಊರಗೌಡ ಭಾಷಣ ಮಾಡುವುದಕ್ಕಿಂತ, ಅಂಗಡಿಯ ಮೂಲೆಯಲ್ಲಿ ತಳ ಕಾಣುತ್ತಿರುವ ಉಪ್ಪಿನ ಪೀಪಾಯಿ ತೋರಿಸಿ.

ಹಂತ 4: ಜಾಗ

ನಾಲ್ಕು ತಾಣ ಸಾಕು, ಪೂರ್ತಿ ನೀಲನಕ್ಷೆ ಬೇಡ.

ಮುಂಭಾಗ: ಕಿಟಕಿಯ ಬಾಗಿಲನ್ನು ಕೆಳಕ್ಕೆ ಮಡಚಿದರೆ ಅದೇ ಮಾರುವ ಹಲಗೆ. ಮೇಲೆ ಕೊಕ್ಕೆಗಳ ಸಾಲು, ಬಿಸಿಲು ಬೀಳದಂತೆ ಮುಂದಕ್ಕೆ ಚಾಚಿದ ಸೂರು. ಯಾರ್ಕ್ ನಗರದ ಶಾಂಬಲ್ಸ್ ಬೀದಿಯಲ್ಲಿ ಇಂಥ ಹಲಗೆಗಳೂ ಕೊಕ್ಕೆಗಳೂ ಇಂದಿಗೂ ಉಳಿದಿವೆ, ಚಿತ್ರ ನೋಡಿಕೊಂಡರೆ ವರ್ಣನೆ ಸಲೀಸು.

ಕೊರಡು: ಅಂಗಡಿಯ ನಡುವಿನ ಮರದ ದಿಮ್ಮಿ. ತಲೆಮಾರುಗಳ ಏಟಿಗೆ ನಡುವೆ ತಗ್ಗು ಬಿದ್ದಿದೆ, ಆ ತಗ್ಗು ಒಂದು ಬದಿಗೆ ವಾಲಿದೆ, ಏಕೆಂದರೆ ತೀರಿಹೋದ ಅಜ್ಜ ಎಡಚನಾಗಿದ್ದ. ಈ ಒಂದು ವಿವರವನ್ನು ಆಟಗಾರರು ಮರೆಯುವುದಿಲ್ಲ.

ಹಿತ್ತಲು: ಬೇಲಿಯೊಳಗೆ ಪ್ರಾಣಿಗಳ ದೊಡ್ಡಿ, ನೀರು ಕಾಯಿಸುವ ಹಂಡೆ, ಚರಂಡಿ. ಹೊಗೆಗೂಡು: ಮಾಂಸಕ್ಕೆ ಹೊಗೆ ಹಾಕುವ, ಬಾಗಿಲು ಮುಚ್ಚಿದ ಸಣ್ಣ ಕೋಣೆ, ಒಳಗೆ ಕತ್ತಲು.

ಚರಂಡಿ ಎಲ್ಲಿಗೆ ಹರಿಯುತ್ತದೆ ಎಂದು ಖಂಡಿತ ಬರೆದಿಡಿ. ಲಂಡನ್ನಿನ ಬೀದಿಗಳಲ್ಲಿ ರಕ್ತ, ಕರುಳು ಕೊಳೆತು ನಾರುತ್ತಿದ್ದುದರಿಂದ 1361ರಲ್ಲಿ ದೊರೆ ಮೂರನೇ ಎಡ್ವರ್ಡ್, ಪ್ರಾಣಿಗಳನ್ನು ನಗರದಾಚೆ ಸ್ಟ್ರಾಟ್‌ಫರ್ಡ್‌ನಲ್ಲೋ ನೈಟ್ಸ್‌ಬ್ರಿಡ್ಜ್‌ನಲ್ಲೋ ಕಡಿಯಬೇಕೆಂದು ಆಜ್ಞೆ ಹೊರಡಿಸಬೇಕಾಯಿತು. ನಿಮ್ಮ ಹಳ್ಳಿಯಲ್ಲಿ ಹೊಳೆಯ ಕೆಳಗಿನ ತಿರುವಿನಲ್ಲಿ ಬಟ್ಟೆ ಒಗೆಯುವವರಿದ್ದರೆ ಜಗಳ ಸಿದ್ಧ. ಚರಂಡಿ ಇಂಗುವ ಜೌಗಿನಲ್ಲಿ ಏನಾದರೂ ವಾಸವಾಗಿದ್ದರೆ ಅದಕ್ಕೆ ಇಷ್ಟು ವರ್ಷ ಊಟ ಹಾಕುತ್ತಿರುವವರು ಯಾರು ಎಂಬುದೂ ಗೊತ್ತಾಯಿತು.

ಹಂತ 5: ಒಂದು ಹಂದಿಯನ್ನು ಹಿಂಬಾಲಿಸಿ

ಇಡೀ ಲೇಖನದಲ್ಲಿ ಒಂದೇ ಹಂತ ಮಾಡುವಷ್ಟು ಪುರುಸೊತ್ತು ನಿಮಗಿದ್ದರೆ ಇದನ್ನು ಮಾಡಿ. ಹಾಳೆಯ ನಡುವೆ "ಹಂದಿ" ಎಂದು ಬರೆದು, ಅದರಿಂದ ಹೊರಡುವ ಪ್ರತಿಯೊಂದಕ್ಕೂ ಒಂದು ಬಾಣ ಎಳೆಯುತ್ತಾ ಹೋಗಿ.

ಕಡಿದ ಕೂಡಲೇ ರಕ್ತವನ್ನು ಪಾತ್ರೆಗೆ ಹಿಡಿಯುತ್ತಾರೆ. ಹೆಪ್ಪುಗಟ್ಟದಂತೆ ಅದನ್ನು ಯಾರಾದರೂ ಕೈಬಿಡದೆ ಕಲಕುತ್ತಿರಬೇಕು. ಈ ಕೆಲಸ ಸಾಮಾನ್ಯವಾಗಿ ಮನೆಯ ಚಿಕ್ಕವರದು. ಆಮೇಲೆ ಬಿಸಿನೀರು ಹೊಯ್ದು ಕೂದಲು ಹೆರೆಯುವುದು. ನೀರು 60ರಿಂದ 65 ಡಿಗ್ರಿ ಸೆಲ್ಸಿಯಸ್ ಇರಬೇಕು. ಕುದಿಯುತ್ತಿದ್ದರೆ ಕೂದಲು ಚರ್ಮಕ್ಕೇ ಕಚ್ಚಿಕೊಂಡುಬಿಡುತ್ತದೆ. ಥರ್ಮಾಮೀಟರ್ ಇಲ್ಲದ ಕಾಲದವರು ಬೆರಳನ್ನು ಬೇಗ ಬೇಗ ಮೂರು ಸಲ ಅದ್ದಿ ನೋಡುತ್ತಿದ್ದರು: ಮೂರನೆಯ ಸಲಕ್ಕೆ ಚುರ್ ಎಂದರೆ ನೀರು ಹದ. ನಿಮ್ಮ ಅಜ್ಜಿ ಪಾತ್ರಕ್ಕೆ ಈ ಕೆಲಸ ಕೊಡಿ. ಮಾತಾಡುತ್ತಾ ಮಾತಾಡುತ್ತಾ, ಹಂಡೆಯ ಕಡೆ ನೋಡದೆಯೇ, ಮೂರು ಸಲ ಬೆರಳು ಅದ್ದಿ "ಸುರೀರಿ" ಎನ್ನುತ್ತಾಳೆ. ಅಂಥವಳನ್ನು ಸುಳ್ಳು ಹೇಳಿ ನಂಬಿಸುವುದು ಕಷ್ಟ ಎಂದು ಆಟಗಾರರಿಗೆ ಬೇರೆ ಹೇಳಬೇಕಾಗಿಲ್ಲ.

ಹೊಟ್ಟೆ ಬಗೆದ ಮೇಲೆ ಸಣ್ಣ ಕರುಳನ್ನು ತೊಳೆದು, ಒಳಹೊರಗು ಮಗುಚಿ, ಹೆರೆದು ಸಾಸೇಜಿನ ಚೀಲ ಮಾಡುತ್ತಾರೆ. ಈಲಿ (ಲಿವರ್), ಹೃದಯ ಕೆಡದೆ ಉಳಿಯುವುದಿಲ್ಲ, ಅವತ್ತೇ ಮಾರಬೇಕು ಅಥವಾ ಮನೆಯಲ್ಲೇ ಬೇಯಬೇಕು. ಕಡಿಯುವ ದಿನ ಬಂದ ನೆಂಟರಿಗೆ ಅದೇ ಔತಣ. ಮೂತ್ರಕೋಶ ಊದಿದರೆ ಮಕ್ಕಳಿಗೆ ಚೆಂಡು, ಒಣಗಿಸಿದರೆ ಕೊಬ್ಬು ತುಂಬಿಡುವ ಚೀಲ. ಬಿರುಸು ಕೂದಲು ಬ್ರಷ್ ಮಾಡುವವನಿಗೆ. ತೊಡೆ ಮತ್ತು ಹೊಟ್ಟೆಯ ಪಟ್ಟಿ ಉಪ್ಪಿಗೆ, ಆಮೇಲೆ ಹೊಗೆಗೂಡಿಗೆ. ಮೂಳೆ ಸಾರಿಗೆ, ಸಾರು ತೆಗೆದ ಮೇಲೆ ಕೆತ್ತನೆಯವನಿಗೆ. ಬಾಚಣಿಗೆ, ಗುಂಡಿ, ದಾಳ ಎಲ್ಲ ಮೂಳೆಯವೇ. ಹಳ್ಳಿಯ ಜೂಜುಕೋರನ ಮೋಸದ ದಾಳ ಯಾವ ಮೂಳೆಯಿಂದ ಬಂತು ಎಂದು ಈ ಮನೆಯವರಿಗೆ ನೋಡಿದರೇ ಗೊತ್ತಾಗುತ್ತದೆ.

ದನ, ಕುರಿ ಬಂದ ದಿನ ಬಾಣಗಳು ಇನ್ನೂ ಹೆಚ್ಚು. ಅವುಗಳ ಗಟ್ಟಿ ಕೊಬ್ಬನ್ನು ಕರಗಿಸಿದರೆ ಬತ್ತಿಗೆ ಬರುತ್ತದೆ. ತೊಗಲು ಹದ ಮಾಡುವವನ ಗುಂಡಿಗೆ ಹೋಗುತ್ತದೆ. ಓಕ್ ತೊಗಟೆಯ ನೀರಿನಲ್ಲಿ ದಪ್ಪ ತೊಗಲು ಹದವಾಗಲು ವರ್ಷವೇ ಹಿಡಿಯುತ್ತದೆ, ಹಾಗಾಗಿ ಆಟಗಾರರು ಇವತ್ತು ತಂದ ತೊಗಲಿನ ಕವಚ ಮುಂದಿನ ಸೆಷನ್‌ಗೆ (ಆಟದ ಮುಂದಿನ ಕೂಟಕ್ಕೆ) ಸಿಗದು. ಕುರಿ, ಕರುವಿನ ಚರ್ಮವನ್ನು ಸುಣ್ಣದಲ್ಲಿ ನೆನೆಸಿ, ಚೌಕಟ್ಟಿಗೆ ಬಿಗಿದು ಹೆರೆದರೆ ಬರೆಯುವ ಚರ್ಮಪತ್ರ. ಹಳ್ಳಿಯಂಚಿನ ಮಂತ್ರವಾದಿಯ ಪುಸ್ತಕ ಹುಟ್ಟುವುದು ಇದೇ ಹಿತ್ತಲಿನಲ್ಲಿ. ಅವನು ಒಮ್ಮೆಗೇ ಅರವತ್ತು ಕರುವಿನ ಚರ್ಮ ಬೇಕು ಎಂದು ಮುಂಗಡ ಕೊಟ್ಟರೆ ಹಳ್ಳಿಯಲ್ಲಿ ಏನೋ ನಡೆಯುತ್ತಿದೆ ಎಂದೇ ಅರ್ಥ.

ಎಚ್ಚರಿಕೆ: ಇದನ್ನೆಲ್ಲ ಆಟಗಾರರಿಗೆ ಓದಿ ಹೇಳಬೇಡಿ! ಇದು ನಿಮ್ಮ ಚೀಟಿ. ಒಂದು ಭೇಟಿಗೆ ಒಂದು ಬಾಣ ಹೊರಗೆ ಬಂದರೆ ಸಾಕು.

ಹಂತ 6: ಮನೆಯವರು

ಈಗ ಹಾಳೆಯ ಮೇಲಿನ ಬಾಣಗಳನ್ನು ಹಂಚಿ. ಪ್ರತಿಯೊಂದು ಎನ್‌ಪಿಸಿಗೂ (ಆಟಗಾರರಲ್ಲದೆ ಗೇಮ್ ಮಾಸ್ಟರ್ ಆಡಿಸುವ ಪಾತ್ರಕ್ಕೆ ಹೀಗೆನ್ನುತ್ತಾರೆ) ಒಂದು ಕೆಲಸ, ಆ ಕೆಲಸದಿಂದ ಮಾತ್ರ ತಿಳಿಯಬಹುದಾದ ಒಂದು ಸಂಗತಿ. ನನ್ನ ಚೀಟಿ ಹೀಗಿರುತ್ತದೆ.

ಅಜ್ಜಿ ಹಂಡೆ ಮತ್ತು ಉಪ್ಪು ನೋಡಿಕೊಳ್ಳುತ್ತಾಳೆ. ಉಪ್ಪಿನ ಗಾಡಿಯವನು ಈ ಸಲ ಬೇರೆ ದಾರಿಯಲ್ಲಿ ಬಂದ ಎಂದು ಅವಳಿಗೆ ಗೊತ್ತು. ಮಗ ಕೊರಡಿನ ಹಿಂದೆ ನಿಲ್ಲುತ್ತಾನೆ, ಕೋಟೆಯ ಲೆಕ್ಕ ಅವನದು. ಸೊಸೆ ಮುಂದಿನ ಹಲಗೆಯಲ್ಲಿ ಮಾರುತ್ತಾಳೆ, ಉದ್ದರಿ ಪುಸ್ತಕ ಅವಳ ಕೈಲಿದೆ. ಹಳ್ಳಿಯಲ್ಲಿ ಯಾರ ಕೈ ಕಟ್ಟಿದೆ, ಯಾರ ಬಳಿ ಇದ್ದಕ್ಕಿದ್ದಂತೆ ಬೆಳ್ಳಿ ಕಾಣಿಸಿಕೊಂಡಿದೆ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಮೈದುನ ಸುತ್ತಲಿನ ಹಳ್ಳಿಗಳಿಗೆ ಹೋಗಿ ಪ್ರಾಣಿ ಕೊಳ್ಳುತ್ತಾನೆ, ಯಾವ ಕೊಟ್ಟಿಗೆ ಖಾಲಿಯಾಯಿತು ಎಂಬ ಸುದ್ದಿ ತರುತ್ತಾನೆ. ಮೊಮ್ಮಗಳು ರಕ್ತ ಕಲಕುತ್ತಾಳೆ, ಹೊಗೆಗೂಡಿಗೆ ಸೌದೆ ಹಾಕುತ್ತಾಳೆ, ರಾತ್ರಿ ಹಿತ್ತಲಲ್ಲಿ ಯಾರು ಓಡಾಡುತ್ತಾರೆ ಎಂದು ಅವಳೊಬ್ಬಳೇ ನೋಡಿದ್ದಾಳೆ.

ಐದು ಜನ, ಅದಕ್ಕಿಂತ ಹೆಚ್ಚು ಬೇಡ. ಆಟಗಾರರಿಗೆ ನೆನಪಿರುವುದಿಲ್ಲ, ನಿಮಗೂ ಇರುವುದಿಲ್ಲ.

ಇನ್ನು ಮನೆಯೊಳಗೆ ಒಂದು ಜಗಳ ಬೇಕು, ಒಂದೇ ಒಂದು. ಅದು ಕಸುಬಿನಿಂದಲೇ ಹುಟ್ಟಿದರೆ ಗಟ್ಟಿ. ಮೊಮ್ಮಗಳು ಮಂತ್ರವಾದಿಯ ಬಳಿ ಹಿಮದ ಮಂತ್ರ ಕಲಿತು ಬಂದಿದ್ದಾಳೆ, ಇನ್ನು ಉಪ್ಪೇಕೆ ಎನ್ನುತ್ತಾಳೆ. ಅಜ್ಜಿ ಒಪ್ಪುವುದಿಲ್ಲ, ಏಕೆಂದರೆ ಮಂತ್ರ ಕಲಿತವಳು ನಾಳೆ ಊರು ಬಿಟ್ಟರೆ ಅಂಗಡಿಯ ಗತಿ? ಇಬ್ಬರ ಮಾತಿನಲ್ಲೂ ನ್ಯಾಯವಿದೆ. ಆಟಗಾರರು ತಾವಾಗಿಯೇ ಪಕ್ಷ ವಹಿಸುತ್ತಾರೆ.

ಕನ್ನಡದಲ್ಲಿ ಆಟ ನಡೆಸುವವರಿಗೆ ಒಂದು ಪುಕ್ಕಟೆ ಲಾಭವಿದೆ, ಬಳಸಿಕೊಳ್ಳಿ. ಮಗ ಕೋಟೆಯ ಅಧಿಕಾರಿಯನ್ನು "ಒಡೆಯರೇ, ತಾವು" ಎನ್ನಲಿ, ಅಜ್ಜಿ ಅದೇ ಅಧಿಕಾರಿಯನ್ನು "ಏನಪ್ಪಾ, ತಿಂದು ಹೋಗ್ತೀಯಾ?" ಎಂದು ಏಕವಚನದಲ್ಲೇ ಕರೆಯಲಿ. ಅವನು ಚಿಕ್ಕವನಿದ್ದಾಗ ಇದೇ ಜಗಲಿಯಲ್ಲಿ ಬೆಳೆದವನು ಎಂದು ಯಾರೂ ವಿವರಿಸಬೇಕಿಲ್ಲ.

ಹಂತ 7: ಬೆಲೆ

ಪಟ್ಟಿಯಲ್ಲಿ ಇರುವುದು: ಹಂದಿಗೆ 3 ಚಿನ್ನದ ನಾಣ್ಯ, ಕುರಿಗೆ 2, ಮೇಕೆಗೆ 1, ಹಸುವಿಗೆ 10, ಕೋಳಿಗೆ 2 ತಾಮ್ರ, ಒಂದು ಪೌಂಡ್ ಉಪ್ಪಿಗೆ 5 ತಾಮ್ರ. ಒಂದು ಚಿನ್ನಕ್ಕೆ 10 ಬೆಳ್ಳಿ, 100 ತಾಮ್ರ. ಅದೇ ಪಟ್ಟಿಯಲ್ಲಿ ಊಟದ ವಿಭಾಗದಲ್ಲಿ ಒಂದು ತುಂಡು ಮಾಂಸಕ್ಕೆ 3 ಬೆಳ್ಳಿ ಎಂದಿದೆ. ಇದನ್ನೇ ಅಂಗಡಿಯ ದರವೆಂದು ಹಿಡಿದು, ತುಂಡನ್ನು ಒಂದು ಪೌಂಡ್ ಎಂದುಕೊಂಡರೆ, 3 ಚಿನ್ನದ ಹಂದಿಯಿಂದ 16 ಚಿನ್ನಕ್ಕೂ ಹೆಚ್ಚು ಬರುತ್ತದೆ. ಲೆಕ್ಕ ಬಲ್ಲ ಆಟಗಾರನೊಬ್ಬ ಸಾಹಸ ಬಿಟ್ಟು ಹಂದಿ ವ್ಯಾಪಾರಕ್ಕೆ ಇಳಿಯುತ್ತಾನೆ. ಆ ದರವನ್ನು ಛತ್ರದಲ್ಲಿ ಬೇಯಿಸಿ ಬಡಿಸಿದ ಮಾಂಸದ್ದೆಂದು ಇಟ್ಟುಕೊಳ್ಳಿ.

ಹಸಿ ಮಾಂಸಕ್ಕೆ ನಾನು ಹಾಕುವ ಲೆಕ್ಕ ಇದು. ಆ ಕಾಲದ ಹಂದಿ ಸಣ್ಣದು, ಬದುಕಿದ್ದಾಗ 100 ಪೌಂಡ್ ಎನ್ನೋಣ. ಹಂದಿಯಲ್ಲಿ ಕರುಳು, ರಕ್ತ ತೆಗೆದ ಮೇಲೆ ಶೇಕಡ 70ರಷ್ಟು ಉಳಿಯುತ್ತದೆ (ದನದಲ್ಲಿ 50ರಿಂದ 60, ಕುರಿಯಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ). ತಲೆ, ಮೂಳೆ ಕಳೆದರೆ ಮಾರಲು 55 ಪೌಂಡ್. ಪೌಂಡಿಗೆ 6 ತಾಮ್ರದಂತೆ 330. ಕೊಬ್ಬು, ಕರುಳು, ತಲೆಕಾಲಿನಿಂದ ಇನ್ನೊಂದು 40. ಅರ್ಧ ಮಾಂಸಕ್ಕೆ ಹಾಕುವ ಉಪ್ಪಿಗೆ 11 ಹೋಗುತ್ತದೆ. ಹಂದಿಯ ಅಸಲು 300 ಕಳೆದರೆ ಉಳಿಯುವುದು 59 ತಾಮ್ರ.

ವಾರಕ್ಕೆ ಎರಡು ಹಂದಿ ಮಾರಿದರೂ 118 ತಾಮ್ರ. ಪಟ್ಟಿಯ ಪ್ರಕಾರ ಕಸುಬು ಬಾರದ ಕೂಲಿಯಾಳಿಗೇ ದಿನಕ್ಕೆ 2 ಬೆಳ್ಳಿ, ವಾರಕ್ಕೆ 140 ತಾಮ್ರ! ಆಳು ಇಟ್ಟರೆ ಅಂಗಡಿ ಮುಳುಗಿತು. ಮನೆಯವರೇ ಏಕೆ ದುಡಿಯುತ್ತಾರೆ, ಮೊಮ್ಮಗಳು ಊರು ಬಿಡುವುದು ಅಜ್ಜಿಗೆ ಏಕೆ ದಿಗಿಲು, ಕೋಟೆಯ ಗುತ್ತಿಗೆ ತಪ್ಪಿದರೆ ಏನಾಗುತ್ತದೆ ಎಲ್ಲಕ್ಕೂ ಉತ್ತರ ಈ ಅಂಕಿಯಲ್ಲೇ ಇದೆ. ಉಳಿದ ಆದಾಯ ಬತ್ತಿಯಿಂದ (ಒಂದಕ್ಕೆ 1 ತಾಮ್ರ), ತೊಗಲಿನಿಂದ, ಚಳಿಗಾಲಕ್ಕೆ ಮುಂಚೆ ಊರವರ ಹಂದಿ ಕೂಲಿಗೆ ಕಡಿದುಕೊಡುವುದರಿಂದ.

ಆಟಗಾರರ ಎದುರು ಈ ಗಣಿತ ಬಿಡಿಸಬೇಡಿ. "ಪೌಂಡಿಗೆ ಆರು ತಾಮ್ರ" ಎಂದರೆ ಮುಗಿಯಿತು.

ಹಂತ 8: ಮಂತ್ರ ಮತ್ತು ವಿಚಿತ್ರ ಪ್ರಾಣಿಗಳು

ಇದನ್ನು ಯೋಚಿಸದಿದ್ದರೆ ನಿಮ್ಮ ಅಂಗಡಿ ಬರೀ ಇತಿಹಾಸದ ಪಾಠವಾಗಿಬಿಡುತ್ತದೆ. 5ನೇ ಆವೃತ್ತಿಯ ನಾಲ್ಕು ಮಂತ್ರಗಳನ್ನು ಮೊದಲೇ ತೀರ್ಮಾನಿಸಿಕೊಳ್ಳಿ.

ಪ್ರಾಣಿಗಳೊಂದಿಗೆ ಮಾತಾಡುವ ಮಂತ್ರ: ಮೊದಲ ಮಟ್ಟದ್ದು, ಹತ್ತು ನಿಮಿಷ ನಡೆಯುತ್ತದೆ. ಪ್ರಾಣಿ ಕಳೆದೊಂದು ದಿನದಲ್ಲಿ ತಾನು ಕಂಡದ್ದನ್ನು ಹೇಳಬಲ್ಲದು ಎಂದು ನಿಯಮದಲ್ಲೇ ಇದೆ. ಅಂದರೆ ದೊಡ್ಡಿಯಲ್ಲಿರುವ ಹಂದಿ ನಿಮ್ಮ ಕೊಲೆ ರಹಸ್ಯಕ್ಕೆ ಸಾಕ್ಷಿ, ಮತ್ತು ನಾಳೆ ಬೆಳಗ್ಗೆ ಆ ಸಾಕ್ಷಿ ಕೊರಡಿಗೆ ಬರುತ್ತದೆ. ಇದಕ್ಕಿಂತ ಒಳ್ಳೆಯ ಗಡುವು ಬೇಕೆ? ಆದರೆ ಹಂದಿ "ನನ್ನನ್ನು ಬಿಡಿಸಿ" ಎಂದು ಅಳಬೇಕೋ ಬೇಡವೋ ಎಂಬುದನ್ನು ಮೊದಲ ಹಂತದ ಗೆರೆ ನೋಡಿಕೊಂಡು ನಿರ್ಧರಿಸಿ. ನನ್ನ ಮೇಜಿನಲ್ಲಿ ಹಂದಿಗಳಿಗೆ ಊಟದ ಚಿಂತೆ ಬಿಟ್ಟು ಬೇರೆ ಚಿಂತೆಯಿಲ್ಲ. "ಎತ್ತರದವನು ಬಂದ. ಸೇಬು ಕೊಡಲಿಲ್ಲ" ಇಷ್ಟೇ ಅವುಗಳ ಹೇಳಿಕೆ.

ಹೆಣ ಕೊಳೆಯದಂತೆ ಹತ್ತು ದಿನ ಕಾಯುವ ಮಂತ್ರ: ಎರಡನೇ ಮಟ್ಟದ್ದು, ಚಿಟಿಕೆ ಉಪ್ಪು ಬೇಕು, ಎರಡೂ ಕಣ್ಣಿನ ಮೇಲೆ ಒಂದೊಂದು ತಾಮ್ರದ ನಾಣ್ಯ ಕೊನೆಯವರೆಗೂ ಇರಬೇಕು. ಮನುಷ್ಯರ ಹೆಣವೇ ಆಗಬೇಕೆಂದು ನಿಯಮ ಹೇಳುವುದಿಲ್ಲ. ಕೋಟೆಯ ಔತಣಕ್ಕೆಂದು ನೇತುಹಾಕಿದ ಇಡೀ ಹಂದಿಯ ಕಣ್ಣಿಗೆ ನಾಣ್ಯ ಕಟ್ಟಿರುವ ದೃಶ್ಯ ಚೆನ್ನಾಗಿರುತ್ತದೆ. ಯಾವನೋ ಚಿಲ್ಲರೆ ಕಳ್ಳ ಒಂದು ನಾಣ್ಯ ಕದ್ದರೆ ಔತಣವೇ ಹಾಳು.

ಅನ್ನಪಾನ ಶುದ್ಧಿ ಮಾಡುವ ಮಂತ್ರ: ವಿಷ, ರೋಗ ತೆಗೆಯುತ್ತದೆ ಎಂದಿದೆ. ಕೊಳೆತ ಮಾಂಸ ತಾಜಾ ಆಗುತ್ತದೆಯೇ ಎಂಬುದು ನಿಮ್ಮ ತೀರ್ಪು. ಆಗುವುದಿಲ್ಲ ಎನ್ನಿ. ಆಗುತ್ತದೆ ಎಂದರೆ ಉಪ್ಪಿನ ಕಥೆಯೆಲ್ಲ ಬಿದ್ದುಹೋಗುತ್ತದೆ.

ರೂಪ ಬದಲಿಸುವ ಮಂತ್ರ: ಹೊಸ ರೂಪದ ಜೀವಬಲ ಸೊನ್ನೆಗೆ ಇಳಿದ ಕ್ಷಣ ಮೂಲರೂಪ ಮರಳುತ್ತದೆ. ಮಂತ್ರ ಒಂದು ಗಂಟೆಗಿಂತ ಹೆಚ್ಚು ನಿಲ್ಲುವುದೂ ಇಲ್ಲ. ಹಂದಿಯಾದ ಮನುಷ್ಯ ಮಾಂಸವಾಗಿ ಮಾರಾಟವಾಗಲಾರ, ಮೊದಲ ಏಟಿಗೇ ಅಂಗಡಿಯವನ ಮುಂದೆ ರಾಜಕುಮಾರ ಬಿದ್ದಿರುತ್ತಾನೆ.

ಇದರ ಜೊತೆಗೇ ಒಂದು ವಿನಂತಿ: "ಈ ಅಂಗಡಿಯಲ್ಲಿ ಮಾರುವುದು ಮನುಷ್ಯರ ಮಾಂಸ" ಎಂಬ ತಿರುವು ಬೇಡ. ಮಾಂಸದಂಗಡಿ ಎಂದ ಕೂಡಲೇ ಪ್ರತಿ ಆಟಗಾರನೂ ಊಹಿಸುವುದು ಅದನ್ನೇ. ಊಹಿಸಲಿ, ರಾತ್ರಿ ಹೊಗೆಗೂಡಿಗೆ ನುಗ್ಗಲಿ, ಬರೀ ಹಂದಿ ತೊಡೆ ನೋಡಿ ಪೆಚ್ಚಾಗಲಿ. ಅಜ್ಜಿ ದೀಪ ಹಿಡಿದು ಬಾಗಿಲಲ್ಲಿ ನಿಂತಿರಲಿ.

ಆಟಗಾರರು ತಾವು ಕೊಂದ ವಿಚಿತ್ರ ಪ್ರಾಣಿ ಮಾರಲು ತರುವುದು ಖಚಿತ. ಅದಕ್ಕೆ ಬೆಲೆ ಹುಡುಕಲು ಹೋಗಬೇಡಿ, ಅಂಗಡಿಯವನಿಂದ ಪ್ರಶ್ನೆ ಕೇಳಿಸಿ. ಬೇಟೆಯಾಡಿದ ಪ್ರಾಣಿಯ ಹೊಟ್ಟೆ ಬಗೆಯದೆ ಬಿಟ್ಟರೆ ಮೈಯ ಕಾವು ಒಳಗೇ ಉಳಿದು, ಬಿಸಿಲುಗಾಲದಲ್ಲಿ ಕೆಲವೇ ಗಂಟೆಗಳಲ್ಲಿ ಮಾಂಸ ಕೆಡುತ್ತದೆ. ಸಾಹಸಿಗಳಿಗೆ ಇದು ಗೊತ್ತಿರುವುದಿಲ್ಲ.

"ಇದು ಗೂಬೆಕರಡಿ ಅಲ್ವಾ ಬುದ್ಧೀ? ಯಾವಾಗ ಹೊಡೆದ್ರಿ?"
"ನಿನ್ನೆ ಮಧ್ಯಾಹ್ನ."
"ಹೊಟ್ಟೆ ಬಗೆದ್ರಾ?"
"ಇಲ್ಲ."
"ಬಾಣಕ್ಕೆ ವಿಷ ಗಿಷ ಸವರಿದ್ರಾ?"
"...ಸ್ವಲ್ಪ."
"ಹಂಗಾದ್ರೆ ಗರಿ, ಉಗುರು ಬಿಟ್ಟೋಗಿ. ಉಳಿದದ್ದನ್ನ ಹೊಳೆ ಆಚೆ ಹೂತು ಬನ್ನಿ. ಈಚೆ ಬ್ಯಾಡ, ನಮ್ಮ ನಾಯಿಗಳವೆ."

ಮುಂದಿನ ಸಲ ಅವರೇ ಚಾಕು ಹಿಡಿದು ಕಾಡಿನಲ್ಲೇ ಹೊಟ್ಟೆ ಬಗೆಯುತ್ತಾರೆ. ಆಗ ಒಳ್ಳೆಯ ಬೆಲೆ ಕೊಡಿ.

ಹಂತ 9: ಮೇಜಿನ ಮೇಲೆ

ಮೊದಲ ಭೇಟಿಗೆ ಮೂರು ನಿಮಿಷ ಮೀಸಲಿಡಿ. ಒಂದು ಶಬ್ದದಿಂದ ಶುರುಮಾಡಿ, ಕತ್ತಿ ಮಸೆಯುವುದು ಸಾಕು. ಕಟುಕ ಎಂದರೆ ದೊಡ್ಡ ಮಚ್ಚು ಬೀಸುವ ದಢೂತಿ ಎಂದು ಎಲ್ಲರ ಕಲ್ಪನೆ. ನುರಿತವನು ಮಚ್ಚು ಎತ್ತುವುದು ಮೂಳೆಗೆ ಮಾತ್ರ. ಉಳಿದ ಹೊತ್ತು ಮಸೆದು ಮಸೆದು ಸಣ್ಣಗಾದ ಕತ್ತಿಯ ತುದಿಯಿಂದ ಕೀಲು ಹುಡುಕಿ ಬಿಡಿಸುತ್ತಾನೆ, ಸದ್ದೇ ಇರುವುದಿಲ್ಲ. ಬಲ ಬೇಕಿಲ್ಲದ ಆ ಕೈಚಳಕವನ್ನು ಒಂದು ವಾಕ್ಯದಲ್ಲಿ ತೋರಿಸಿ, ಆಮೇಲೆ ಮಾತಿಗೆ ಬಿಡಿ. ಮನೆಯವರಲ್ಲಿ ಇಬ್ಬರು ಮಾತ್ರ ಕಾಣಿಸಿಕೊಳ್ಳಲಿ. ಉಳಿದವರು ಒಳಗಿನಿಂದ ಕೂಗುವ ದನಿಗಳು.

ಎರಡನೇ ಭೇಟಿಯಿಂದ ಮುಂದೆ ಡಿ6 (ಆರು ಮುಖದ ದಾಳ) ಉರುಳಿಸಿ:

1. ಉಪ್ಪು ಮುಗಿದಿದೆ. ತಂದುಕೊಟ್ಟವರಿಗೆ ಒಂದು ವರ್ಷ ಹೊಗೆಯ ಮಾಂಸ ಪುಕ್ಕಟೆ.
2. ಮೈದುನ ಪ್ರಾಣಿ ಕೊಳ್ಳಲು ಹೋದವನು ಬಂದಿಲ್ಲ. ಎತ್ತಿನಗಾಡಿ ಮಾತ್ರ ಬಂದಿದೆ, ಗಾಡಿಯಲ್ಲಿ ಅವನು ಕೊಳ್ಳದ ಒಂದು ಕರಿಯ ಮೇಕೆ.
3. ಕೋಟೆಯವರು ಮೂರು ತಿಂಗಳ ಬಾಕಿ ಕೊಟ್ಟಿಲ್ಲ. ಕೇಳಲು ಸೊಸೆಯೇ ಹೊರಟಿದ್ದಾಳೆ, ಜೊತೆಗೆ ಯಾರಾದರೂ ಬೇಕು.
4. ಪೇಟೆಯ ಕಟುಕರ ಸಂಘದವರು ಬಂದು ತಕ್ಕಡಿಯ ಬಟ್ಟು ಪರೀಕ್ಷಿಸುತ್ತಿದ್ದಾರೆ. ಬಟ್ಟು ಸರಿಯಿದೆ, ಬಂದವರು ಸಂಘದವರಲ್ಲ.
5. ಚರಂಡಿ ಕಟ್ಟಿದೆ. ಕೆಳಗೆ ಇಳಿದು ನೋಡಿದ ಮಗ ಮತ್ತೆ ಇಳಿಯಲು ಒಪ್ಪುತ್ತಿಲ್ಲ, ಏನು ಕಂಡೆ ಎಂದರೆ ಬಾಯಿ ಬಿಡುತ್ತಿಲ್ಲ.
6. ಏನೂ ಇಲ್ಲ. ಅಜ್ಜಿ ಬಿಸಿ ಸಾರು ಕೊಟ್ಟು ಊರ ಸುದ್ದಿ ಹೇಳುತ್ತಾಳೆ. ಇದನ್ನು ತೆಗೆದು ಇನ್ನೊಂದು ಗಂಡಾಂತರ ತುಂಬಬೇಡಿ. ಹೋದಾಗಲೆಲ್ಲ ಆಪತ್ತು ಕಾದಿರುವ ಅಂಗಡಿಗೆ ಯಾರೂ ಖುಷಿಯಿಂದ ಮರಳುವುದಿಲ್ಲ.

ಒಮ್ಮೆ ಬಿದ್ದ ಅಂಕಿಯನ್ನು ಹೊಡೆದುಹಾಕಿ ಹೊಸದು ಬರೆಯಿರಿ, ಆರನೆಯದು ಮಾತ್ರ ಹಾಗೇ ಇರಲಿ. ಪ್ರತಿ ಸೆಷನ್ ಮುಗಿದ ಮೇಲೆ ಚೀಟಿಯ ಹಿಂಬದಿಗೆ ಎರಡು ಸಾಲು ಸೇರಿಸಿ: ಆಟಗಾರರ ಬಾಕಿ ಎಷ್ಟು, ಮನೆಯವರಲ್ಲಿ ಯಾರಿಗೆ ಅವರ ಮೇಲೆ ಮುನಿಸು. ಮುಂದಿನ ಸಲ ಅವರು ಹಲಗೆಯ ಮುಂದೆ ಬಂದು ನಿಂತಾಗ ಸೊಸೆ ಮೊದಲು ತೆಗೆಯುವುದು ಆ ಲೆಕ್ಕವನ್ನೇ.